ರಾತ್ರಿ ಬದುಕಿದ ವಿಎಂ ಬೆಳಿಗ್ಗೆ ಲೈವ್ ಮೈಗ್ರೇಷನ್‌ನಲ್ಲಿ ಸತ್ತಿತು. ಯಾಕೆ?

ನಿದ್ದೆಗೆಟ್ಟವ · ಬೆಳಿಗ್ಗೆ 11:05

ನಮಸ್ಕಾರ. ನಮ್ಮದು ಚಿಕ್ಕ ಆಫೀಸು. ಎರಡು ಸರ್ವರ್, ಎರಡರಲ್ಲೂ ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ), ಒಟ್ಟು 14 ವಿಎಂ, ಅಂದರೆ ಸರ್ವರ್ ಒಳಗೆ ಓಡುವ ವರ್ಚುವಲ್ ಮಷೀನ್‌ಗಳು. ನೋಡಿಕೊಳ್ಳುವವನು ನಾನೊಬ್ಬನೇ.

ಮೊನ್ನೆ ರಾತ್ರಿ 2:10ಕ್ಕೆ ಡೇಟಾಬೇಸ್ ವಿಎಂನಿಂದ ಅಲರ್ಟ್ ಬಂತು. ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಎಲ್ಲಾ ಸರಿಯಾಗಿತ್ತು. ಪೋಸ್ಟ್‌ಗ್ರೆಸ್ (ನಮ್ಮ ಡೇಟಾಬೇಸ್) ಲಾಗ್‌ನಲ್ಲಿ ಒಂದು ಪ್ರೋಸೆಸ್ ಸಿಗ್ನಲ್ 7, ಬಸ್ ಎರರ್‌ನಿಂದ ಸತ್ತಿದೆ ಅಂತ ಇತ್ತು. ಅದರ ಕೆಳಗೆ ರಿಕವರಿಯ ಸಾಲುಗಳು. 40 ಸೆಕೆಂಡ್‌ನಲ್ಲಿ ಮತ್ತೆ ಕೆಲಸ ಶುರು. ಬೆಳಿಗ್ಗೆ ನೋಡಿದರಾಯಿತು ಅಂತ ಮಲಗಿದೆ.

ಬೆಳಿಗ್ಗೆ ಹೋಸ್ಟ್‌ನ (ವಿಎಂ ಹೊತ್ತ ಸರ್ವರ್‌ನ) ಲಾಗ್ ತೆರೆದಾಗ ಎದೆ ಧಸಕ್ ಅಂತು. ‘ಮೆಮೊರಿ ಫೇಲ್ಯೂರ್’ ಅಂತ ಶುರುವಾಗುವ ಸಾಲು, ಹಾರ್ಡ್‌ವೇರ್ ಮೆಮೊರಿ ಕೆಟ್ಟಿದ್ದರಿಂದ ಕ್ಯೂಎಮುಗೆ (ವಿಎಂ ಓಡಿಸುವ ಪ್ರೋಸೆಸ್‌ಗೆ) ಸಿಗ್‌ಬಸ್, ಅಂದರೆ ಅದೇ ಬಸ್ ಎರರ್ ಸಿಗ್ನಲ್, ಕಳಿಸಿದ್ದೇನೆ ಅಂತ ಕರ್ನಲ್ ಹೇಳುತ್ತಿದೆ. ಈ ಸರ್ವರ್ ಮೇಲೆ ಭರವಸೆ ಇಡುವುದು ಬೇಡ ಅಂತ ಎಲ್ಲಾ ವಿಎಂಗಳನ್ನೂ ಎರಡನೇ ಸರ್ವರ್‌ಗೆ ಲೈವ್ ಮೈಗ್ರೇಟ್ ಮಾಡಲು, ಅಂದರೆ ಓಡುತ್ತಿರುವಾಗಲೇ ಸಾಗಿಸಲು ಹೊರಟೆ. ಬೇರೆ ಎಲ್ಲವೂ ಹೋದವು. ಡೇಟಾಬೇಸ್ ವಿಎಂ 61% ಆದ ಮೇಲೆ ಪಟ್ ಅಂತ ಸತ್ತಿತು. ಕ್ಯೂಎಮು ಪ್ರೋಸೆಸ್ಸೇ ಇಲ್ಲ. ಕೆಲಸದ ಹೊತ್ತು, 25 ನಿಮಿಷ ಬಿಲ್ಲಿಂಗ್ ನಿಂತಿತು. ಬೈಗುಳ ತಿಂದದ್ದು ಬೇರೆ.

ರಾತ್ರಿ ಕೆಟ್ಟ ಮೆಮೊರಿ ಸಿಕ್ಕಾಗ ಬದುಕಿದ್ದು, ಬೆಳಿಗ್ಗೆ ಕಾಪಾಡಲು ಹೋದಾಗ ಯಾಕೆ ಸತ್ತಿತು? ಕರ್ನಲ್ 5.15, ಕ್ಯೂಎಮು 6.2, ಇಂಟೆಲ್ ಜಿಯಾನ್, ಇಸಿಸಿ ರ‍್ಯಾಮ್ 256 ಜಿಬಿ.

ಕಾಫಿಪುಡಿ · 11:20

ರ‍್ಯಾಮ್ ಹೋಗಿದೆ. ಬದಲಾಯಿಸಿ. ಇದರಲ್ಲಿ ಚರ್ಚೆ ಏನಿದೆ?

ಪೇಜ್‌ಫಾಲ್ಟ್ · 11:48

ಇದೆ ಕಾಫಿಪುಡಿ, ಇದೆ. ರ‍್ಯಾಮ್ ಬದಲಾಯಿಸುವುದು ಸುಲಭ. ಬದಲಾಯಿಸುವ ತನಕ ವಿಎಂಗಳನ್ನು ಬದುಕಿಸಿಕೊಳ್ಳುವುದು ಕಷ್ಟ.

ನಿದ್ದೆಗೆಟ್ಟವರೇ, ರಾತ್ರಿ ನಡೆದದ್ದು ನಿಜಕ್ಕೂ ಚೆನ್ನಾಗಿ ನಡೆದಿದೆ. ಇಸಿಸಿಯಲ್ಲಿ 64 ಬಿಟ್ ಡೇಟಾಕ್ಕೆ 8 ಬಿಟ್ ಕಾವಲು ಇರುತ್ತದೆ. ಒಂದು ಬಿಟ್ ತಿರುಗಿದರೆ ತಾನೇ ಸರಿಮಾಡುತ್ತದೆ. ಎರಡು ತಿರುಗಿದರೆ ಸರಿಮಾಡಲು ಆಗುವುದಿಲ್ಲ, ಆದರೆ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಮುಂಚೆ ಎರಡನೆಯದು ಆದರೆ ಇಡೀ ಮಷೀನ್ ಬೀಳುತ್ತಿತ್ತು. 2009ರ ಕೊನೆಗೆ ಬಂದ ಲಿನಕ್ಸ್ 2.6.32ರಲ್ಲಿ ಆಂಡಿ ಕ್ಲೀನ್ ಅವರ ಹೆಚ್‌ಡಬ್ಲ್ಯೂಪಾಯ್ಸನ್ ಸೇರಿತು, ಕೆಟ್ಟ ಮೆಮೊರಿಗೆ ಗುರುತು ಹಾಕಿ ಪಕ್ಕಕ್ಕಿಡುವ ವ್ಯವಸ್ಥೆ. ಅಲ್ಲಿಂದ ಕರ್ನಲ್ ಮೊದಲು ಕೇಳುವ ಪ್ರಶ್ನೆಯೇ ಬೇರೆ: ಈ ಪೇಜ್ (ಮೆಮೊರಿಯ ಒಂದು ತುಂಡು, ಮಾಮೂಲಿಯಾಗಿ 4 ಕೆಬಿ) ಯಾರದು?

ಡಿಸ್ಕ್‌ನಲ್ಲಿ ಪ್ರತಿ ಇರುವ ಕ್ಲೀನ್ ಪೇಜ್ ಆದರೆ ಎಸೆದು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದು ಪ್ರೋಸೆಸ್‌ನ ಸ್ವಂತ ಡೇಟಾ ಆದರೆ ಆ ಪ್ರೋಸೆಸ್‌ಗೆ ಸಿಗ್‌ಬಸ್. ಕರ್ನಲ್‌ನದೇ ಪೇಜ್ ಆದರೆ ಸಾಮಾನ್ಯವಾಗಿ ಕಥೆ ಮುಗಿಯಿತು.

ನಿಮ್ಮ ಪೇಜ್ ಕ್ಯೂಎಮು ಪ್ರೋಸೆಸ್‌ದು. ಸಿಗ್‌ಬಸ್ ಬಂದ ತಕ್ಷಣ ಕ್ಯೂಎಮು ಸಾಯಲಿಲ್ಲ, ಅದಕ್ಕೆ ಇದನ್ನು ಹಿಡಿಯುವುದು ಗೊತ್ತು. ಸಿಗ್ನಲ್ ಜೊತೆ ಕೆಟ್ಟ ವಿಳಾಸ ಬರುತ್ತದೆ. ಅದು ಗೆಸ್ಟ್‌ನ (ವಿಎಂ ಒಳಗಿನ ಸಿಸ್ಟಮ್‌ನ) ಮೆಮೊರಿಯಲ್ಲಿ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿ, ಗೆಸ್ಟ್‌ನ ಸಿಪಿಯುಗೆ ಒಂದು ಮಷೀನ್ ಚೆಕ್ (ಹಾರ್ಡ್‌ವೇರ್ ಕೆಟ್ಟಿದೆ ಅನ್ನುವ ಸೂಚನೆ, ಎಂಸಿಇ) ತೂರಿಸುತ್ತದೆ. ನಿಜವಾದ ಹಾರ್ಡ್‌ವೇರ್ ಹೇಳಿದ ಹಾಗೇ. ಆಮೇಲೆ ಗೆಸ್ಟ್ ಕರ್ನಲ್ ಅದೇ ಪ್ರಶ್ನೆ ಕೇಳಿಕೊಂಡಿತು: ಈ ಪೇಜ್ ಯಾರದು? ಪೋಸ್ಟ್‌ಗ್ರೆಸ್‌ದು. ಅದಕ್ಕೆ ಸಿಗ್‌ಬಸ್, ಅಂದರೆ ನೀವು ನೋಡಿದ ಸಿಗ್ನಲ್ 7. ಒಂದು ಬ್ಯಾಕೆಂಡ್ ಹೀಗೆ ಸತ್ತರೆ ಪೋಸ್ಟ್‌ಗ್ರೆಸ್ ಉಳಿದವನ್ನೂ ನಿಲ್ಲಿಸಿ, ಶೇರ್ಡ್ ಮೆಮೊರಿಯನ್ನು ಹೊಸದಾಗಿ ಕಟ್ಟಿ, ವಾಲ್ (ಬದಲಾವಣೆಗಳ ದಿನಚರಿ) ಓದಿ ಏಳುತ್ತದೆ. ನಿಮ್ಮ 40 ಸೆಕೆಂಡ್ ಅದೇ.

ಎರಡು ಅಂತಸ್ತು ದಾಟಿ ಕೆಟ್ಟ ಸುದ್ದಿ ಸರಿಯಾದ ಮನೆಗೆ ಮುಟ್ಟಿತು. ಸಾಯಬೇಕಾದವನು ಒಬ್ಬನೇ ಸತ್ತ.

ನಿದ್ದೆಗೆಟ್ಟವ · 12:02

ಹೌದು, ವಿಎಂನ ಲಿಬ್‌ವರ್ಟ್ (ವಿಎಂಗಳನ್ನು ನಿರ್ವಹಿಸುವ ಸಾಫ್ಟ್‌ವೇರ್) ಲಾಗ್‌ನಲ್ಲಿ ‘ಗೆಸ್ಟ್ ಎಂಸಿಇ ಮೆಮೊರಿ ಎರರ್’ ಅಂತ ಒಂದು ಸಾಲು ಇದೆ, ಕೊನೆಯ ಪದ ‘ಇಂಜೆಕ್ಟೆಡ್’. ಹೋಸ್ಟ್‌ನ ಮೆಮ್‌ಇನ್ಫೋದಲ್ಲಿ ‘ಹಾರ್ಡ್‌ವೇರ್ ಕರಪ್ಟೆಡ್: 4 ಕೆಬಿ’. ಇಷ್ಟಕ್ಕೆ ಬೆಳಿಗ್ಗೆ ಯಾಕೆ ಸತ್ತಿತು?

ಪೇಜ್‌ಫಾಲ್ಟ್ · 12:31

ಯಾಕೆಂದರೆ ನೀವು ಮುಟ್ಟಿಸಿದಿರಿ.

ಅಟ್ಟದ ಏಣಿಯ ಮೂರನೇ ಮೆಟ್ಟಿಲು ಮುರಿದಿದೆ ಅಂತ ಮನೆಯವರಿಗೆಲ್ಲ ಗೊತ್ತು. ಕತ್ತಲಲ್ಲೂ ದಾಟಿಕೊಂಡು ಹತ್ತುತ್ತಾರೆ. ಸಾಮಾನು ಸಾಗಿಸಲು ಬಂದವನಿಗೆ ಗೊತ್ತಿಲ್ಲ. ಅವನು ಪ್ರತಿ ಮೆಟ್ಟಿಲ ಮೇಲೂ ಕಾಲಿಡುತ್ತಾನೆ.

ಗೆಸ್ಟ್ ಕರ್ನಲ್ ಆ ಪೇಜನ್ನು ಪಕ್ಕಕ್ಕಿಟ್ಟಿತ್ತು, ಮತ್ತೆ ಮುಟ್ಟುತ್ತಿರಲಿಲ್ಲ. ಲೈವ್ ಮೈಗ್ರೇಷನ್ ಅಂದರೆ ಕ್ಯೂಎಮು ಗೆಸ್ಟ್‌ನ ಮೆಮೊರಿಯನ್ನು ಪೇಜ್ ಪೇಜ್ ಆಗಿ ಓದಿ ಆಚೆ ಕಳಿಸುವುದು. ಗೆಸ್ಟ್ ಯಾವುದನ್ನು ದೂರ ಇಟ್ಟಿದೆ ಅಂತ ಅದು ಕೇಳುವುದಿಲ್ಲ. ಹೋಸ್ಟ್ ಆ 4 ಕೆಬಿಗೆ ಬೀಗ ಹಾಕಿದೆ. ಓದಿದ ಕ್ಷಣ ಸಿಗ್‌ಬಸ್. ಈ ಸಲ ಮುಟ್ಟಿದ್ದು ಗೆಸ್ಟ್‌ನ ಸಿಪಿಯು ಅಲ್ಲ, ಕ್ಯೂಎಮುವಿನ ಮೈಗ್ರೇಷನ್ ಥ್ರೆಡ್. ಗೆಸ್ಟ್‌ಗೆ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಪ್ರೋಸೆಸ್ ಸತ್ತಿತು, ಜೊತೆಗೆ ವಿಎಂ ಕೂಡ.

2024ರ ಏಪ್ರಿಲ್‌ನಲ್ಲಿ ಬಂದ ಕ್ಯೂಎಮು 9.0ರಲ್ಲಿ ಇದಕ್ಕೆ ತಡೆ ಇದೆ. ಕೆಟ್ಟ ಪೇಜ್ ಇರುವ ವಿಎಂ ಮೈಗ್ರೇಟ್ ಮಾಡಲು ಹೋದರೆ ಆಗುವುದಿಲ್ಲ, ವಿಎಂ ರೀಬೂಟ್ ಮಾಡಿ ಮತ್ತೆ ಪ್ರಯತ್ನಿಸಿ ಅಂತ ಹೇಳಿ ನಿಲ್ಲುತ್ತದೆ. ರೀಬೂಟ್ ಆದಾಗ ಕ್ಯೂಎಮು ಆ ಜಾಗಕ್ಕೆ ಹೊಸ ಪೇಜ್ ಹಾಕಿಕೊಳ್ಳುತ್ತದೆ. ನಿಮ್ಮ 6.2ರಲ್ಲಿ ತಡೆ ಇಲ್ಲ, ಮುಗ್ಗರಿಸಿ ಬಿತ್ತು.

ನೀವು ಮಾಡಬೇಕಿದ್ದದ್ದು ಇಷ್ಟೇ. ಸಂಜೆ ಹೇಳಿಕೇಳಿ ಆ ಒಂದು ವಿಎಂ ಪೂರ್ತಿ ಶಟ್‌ಡೌನ್ ಮಾಡಿ, ಇನ್ನೊಂದು ಸರ್ವರ್‌ನಲ್ಲಿ ಸ್ಟಾರ್ಟ್ ಮಾಡುವುದು. ಎರಡು ನಿಮಿಷ.

ಗುಡ್ಡದಮನೆ · 12:50

ಇದಕ್ಕೆ ಒಂದು ಸೇರಿಸುತ್ತೇನೆ, ನಾನು ಬಿದ್ದ ಹಳ್ಳ. ಮೈಗ್ರೇಷನ್ ಒಂದೇ ಅಲ್ಲ, ಗೆಸ್ಟ್‌ನ ಇಡೀ ಮೆಮೊರಿ ಓದುವ ಯಾವುದಾದರೂ ಇದೇ ಗತಿ. ಮೆಮೊರಿ ಸಮೇತ ಸ್ನ್ಯಾಪ್‌ಶಾಟ್, ವರ್ಶ್ (ಲಿಬ್‌ವರ್ಟ್‌ನ ಕಮಾಂಡ್) ಸೇವ್, ವರ್ಶ್ ಡಂಪ್ ಎಲ್ಲವೂ.

ಕೆಲವು ಡಿಸ್ಟ್ರೋಗಳಲ್ಲಿ ಹೋಸ್ಟ್ ಶಟ್‌ಡೌನ್ ಕೊಟ್ಟರೆ ಲಿಬ್‌ವರ್ಟ್ ಗೆಸ್ಟ್‌ಗಳನ್ನು ಆಫ್ ಮಾಡುವುದಿಲ್ಲ, ಡಿಸ್ಕ್‌ಗೆ ಸೇವ್ ಮಾಡಿ ಮಲಗಿಸುತ್ತದೆ. ರ‍್ಯಾಮ್ ಬದಲಾಯಿಸೋಣ ಅಂತ ನಾನು ಹೋಸ್ಟ್ ಶಟ್‌ಡೌನ್ ಕೊಟ್ಟೆ. ಅದು ಒಂದೊಂದೇ ವಿಎಂ ಸೇವ್ ಮಾಡುತ್ತಾ ಬಂದು, ಕೆಟ್ಟ ಪೇಜ್ ಇದ್ದ ವಿಎಂ ಹತ್ತಿರ ಎಡವಿತು. ಗೆಸ್ಟ್ ಒಳಗಿನ ಯಾವ ಸರ್ವಿಸ್ಸೂ ನೆಟ್ಟಗೆ ನಿಲ್ಲಲಿಲ್ಲ. ಕರೆಂಟ್ ಕಿತ್ತ ಹಾಗೆ. ಈಗ ಮೊದಲು ವಿಎಂಗಳನ್ನು ಕೈಯಿಂದ ಶಟ್‌ಡೌನ್ ಮಾಡಿ ಆಮೇಲೆ ಹೋಸ್ಟ್.

ಕೆಂಪುಬಸ್ಸು · ಮಧ್ಯಾಹ್ನ 1:15

ಒಂದು ದಡ್ಡ ಪ್ರಶ್ನೆ. ಹೋಸ್ಟ್‌ಗೆ ಪೇಜ್ ಕೆಟ್ಟಿದೆ ಅಂತ ಗೊತ್ತು. ಸುಮ್ನೆ ಅಲ್ಲಿ ಸೊನ್ನೆ ತುಂಬಿದ ಹೊಸ ಪೇಜ್ ಇಟ್ಟರೆ ಆಯಿತಲ್ವಾ? ಗೆಸ್ಟ್‌ಗೆ ಯಾಕೆ ಹೇಳಬೇಕು, ಅದು ಯಾಕೆ ಸಾಯಬೇಕು?

ಪೇಜ್‌ಫಾಲ್ಟ್ · 1:29

ದಡ್ಡ ಪ್ರಶ್ನೆ ಅಲ್ಲ. ಆ ಪೇಜ್‌ನಲ್ಲಿ ಒಬ್ಬ ಗಿರಾಕಿಯ ಬಾಕಿ 48,500 ಇತ್ತು ಅಂದುಕೊಳ್ಳಿ. ನೀವು ಸೊನ್ನೆ ಇಟ್ಟಿರಿ. ಪೋಸ್ಟ್‌ಗ್ರೆಸ್ ಅದನ್ನು ನಿಜ ಅಂತ ನಂಬಿ ಡಿಸ್ಕ್‌ಗೆ ಬರೆಯಿತು. ರಾತ್ರಿ ಬ್ಯಾಕಪ್ ಕೂಡ ಅದನ್ನೇ ತೆಗೆದುಕೊಂಡಿತು. ಮೂರು ತಿಂಗಳಾದ ಮೇಲೆ ಲೆಕ್ಕ ತಾಳೆ ಆಗುವುದಿಲ್ಲ. ಯಾವಾಗಿನಿಂದ, ಯಾಕೆ ಅಂತ ಯಾರೂ ಹೇಳಲಾರರು. 40 ಸೆಕೆಂಡ್ ನಿಲ್ಲುವುದು ಇದರ ಮುಂದೆ ಏನೂ ಅಲ್ಲ.

ಕೆಟ್ಟ ಡೇಟಾ ಹೋದರೆ ಹೋಗಲಿ, ಒಳ್ಳೆಯದರ ವೇಷ ಹಾಕಿಕೊಂಡು ಓಡಾಡಬಾರದು. ಮೈಗ್ರೇಷನ್‌ನಲ್ಲೂ ಇದೇ ತೊಡಕು. ಆ ಪೇಜ್ ಬಿಟ್ಟು ಉಳಿದದ್ದನ್ನು ಮಾತ್ರ ಕಳಿಸಿದರೆ, ಆಚೆ ಕಡೆ ಅದು ಸೊನ್ನೆ ಆಗಿ ಎದ್ದು ಕೂರುತ್ತದೆ. ಆಚೆ ಕಡೆಯೂ ‘ಇದನ್ನು ಮುಟ್ಟಿದರೆ ಸಿಗ್‌ಬಸ್’ ಅಂತ ಗುರುತು ಹಾಕಬೇಕು. ಹಾಗೆ ಗುರುತು ಹಾಕುವ ದಾರಿಯೊಂದು 2023ರ ಲಿನಕ್ಸ್ 6.6ರಲ್ಲಿ ಯೂಸರ್‌ಫಾಲ್ಟ್‌ಎಫ್‌ಡಿ (ತನ್ನ ಪೇಜ್‌ಗಳನ್ನು ಪ್ರೋಸೆಸ್ಸೇ ನಿಭಾಯಿಸಲು ಬಿಡುವ ಕರ್ನಲ್ ಸೌಲಭ್ಯ) ಒಳಗೆ ಬಂತು.

ಹಳೇಗಾಳಿ · 1:52

ನಾನು ಒಪ್ಪುವುದಿಲ್ಲ. ಇಷ್ಟೆಲ್ಲ ನಾಜೂಕು ಯಾಕೆ? ಸರಿಮಾಡಲಾಗದ ಎರರ್ ಬಂದರೆ ಹೋಸ್ಟ್ ಪ್ಯಾನಿಕ್ ಆಗಲಿ, ಪೂರ್ತಿ ಬೀಳಲಿ. ಅದಕ್ಕೆ ಸಿಸ್ಕಂಟ್ರೋಲ್ (ಕರ್ನಲ್ ಸೆಟ್ಟಿಂಗ್) ಇದೆ, ‘ಮೆಮೊರಿ ಫೇಲ್ಯೂರ್ ರಿಕವರಿ’ ಸೊನ್ನೆ ಮಾಡಿದರೆ ಆಯಿತು. ಹೆಚ್‌ಎ (ಹೈ ಅವೈಲಬಿಲಿಟಿ ವ್ಯವಸ್ಥೆ) ಎಲ್ಲಾ ವಿಎಂಗಳನ್ನು ಇನ್ನೊಂದು ಕಡೆ ಎಬ್ಬಿಸುತ್ತದೆ. ಅರೆಜೀವದ ಮಷೀನ್ ಇಟ್ಟುಕೊಂಡು ಒದ್ದಾಡುವುದಕ್ಕಿಂತ ಸತ್ತದ್ದು ಸತ್ತ ಹಾಗೆ ಇರುವುದು ಮೇಲು. 20 ವರ್ಷದಿಂದ ಇದೇ ಮಾಡುತ್ತಿದ್ದೇನೆ.

ಗುಡ್ಡದಮನೆ · 2:10

ಹೆಚ್‌ಎ ಇದ್ದರೆ ಸರಿ. ನಿದ್ದೆಗೆಟ್ಟವರ ಹತ್ತಿರ ಇರುವುದು ಎರಡು ಸರ್ವರ್ ಮತ್ತು ಒಂದು ತಲೆ. 4 ಕೆಬಿಗೋಸ್ಕರ ಎಲ್ಲಾ ವಿಎಂ ಬೀಳಿಸುವುದು ಅವರಿಗೆ ಆಗುವ ಮಾತಲ್ಲ.

ಹಳೇಗಾಳಿ · 2:14

ಎರಡು ಸರ್ವರ್ ಇರುವ ಜಾಗಕ್ಕೆ ಒಪ್ಪಿದೆ. ದೊಡ್ಡ ಕ್ಲಸ್ಟರ್‌ಗೆ ನನ್ನ ಮಾತೇ.

ಬಿಟ್‌ಬಾಯಿ · 2:40

ಯಾರೂ ಹ್ಯೂಜ್‌ಪೇಜ್ (4 ಕೆಬಿಗಿಂತ ದೊಡ್ಡ ಪೇಜ್) ಮಾತೇ ಎತ್ತಲಿಲ್ಲವಲ್ಲ. ನಿದ್ದೆಗೆಟ್ಟವರ ವಿಎಂ ಮಾಮೂಲಿ ಮೆಮೊರಿಯಲ್ಲಿ ಇತ್ತು, ಹಾಗಾಗಿ 4 ಕೆಬಿಯಲ್ಲಿ ಮುಗಿಯಿತು. ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ ಇದ್ದರೂ ಕರ್ನಲ್ ಅದನ್ನು ಒಡೆದು ಕೆಟ್ಟ ತುಂಡನ್ನು ಮಾತ್ರ ತೆಗೆಯಲು ನೋಡುತ್ತದೆ. ಆದರೆ ಹ್ಯೂಜ್‌ಟಿಎಲ್‌ಬಿ, ಅಂದರೆ ನಾವೇ ಬೂಟ್‌ನಲ್ಲಿ ಎತ್ತಿಟ್ಟುಕೊಳ್ಳುವ 2 ಎಂಬಿ ಅಥವಾ 1 ಜಿಬಿ ಪೇಜ್ ಆದರೆ, ಕೆಟ್ಟದ್ದು 64 ಬೈಟ್ ಆದರೂ ಹೋಗುವುದು ಇಡೀ ಪೇಜ್.

1 ಜಿಬಿ ಪೇಜ್ ಇಟ್ಟುಕೊಂಡ ವಿಎಂ ಒಂದರಲ್ಲಿ ನಾನು ನೋಡಿದ್ದು ಇದು. ಮೊದಲು ಒಂದು ಪ್ರೋಸೆಸ್ ಸತ್ತಿತು. ಗೆಸ್ಟ್ ತನ್ನ ಲೆಕ್ಕದಲ್ಲಿ 4 ಕೆಬಿ ಮಾತ್ರ ಪಕ್ಕಕ್ಕಿಟ್ಟಿತು, ಅದಕ್ಕೆ ಗೊತ್ತಾದದ್ದು ಅಷ್ಟೇ. ಕೆಳಗೆ ಹೋಸ್ಟ್ ಇಡೀ 1 ಜಿಬಿಗೆ ಬೀಗ ಹಾಕಿತ್ತು. ಗೆಸ್ಟ್ ಪಕ್ಕದ ಪೇಜ್ ಮುಟ್ಟಿತು, ಇನ್ನೊಂದು ಮಷೀನ್ ಚೆಕ್. ಅದರ ಪಕ್ಕದ್ದು, ಮತ್ತೊಂದು. ಸೆಕೆಂಡ್‌ಗಳಲ್ಲಿ ಲಾಗ್ ತುಂಬಿತು. ಗೆಸ್ಟ್ ಕರ್ನಲ್‌ನದೇ ಪೇಜ್ ಒಂದು ಅದರಲ್ಲಿ ಸಿಕ್ಕಿತು, ಪ್ಯಾನಿಕ್. ಮೆಮೊರಿಯ ಉಳಿದದ್ದೆಲ್ಲ ಚೆನ್ನಾಗೇ ಇತ್ತು, ಅದೇ ಹೊಟ್ಟೆ ಉರಿಯುವುದು.

ವೇಗ ಬೇಕು ಅಂತ ಎಲ್ಲರೂ 1 ಜಿಬಿ ಪೇಜ್ ಅಂತಾರೆ. ಅದರ ಈ ಬೆಲೆ ಯಾರೂ ಹೇಳುವುದಿಲ್ಲ. ನಾನು ಈಗ 2 ಎಂಬಿಯಲ್ಲೇ ಇದ್ದೇನೆ. ಹಳೆಯ ಕ್ಯೂಎಮು ಮತ್ತು ಹ್ಯೂಜ್‌ಟಿಎಲ್‌ಬಿ ಎರಡೂ ಇದ್ದರೆ ಗೆಸ್ಟ್ ಒಳಗಿಂದ ರೀಬೂಟ್ ಮಾಡುವುದನ್ನೂ ನಂಬಬೇಡಿ. ಪೂರ್ತಿ ಆಫ್ ಮಾಡಿ ಸ್ಟಾರ್ಟ್ ಮಾಡಿ.

ಕೆಂಪುಬಸ್ಸು · 3:05

ಕೆಎಸ್‌ಎಂ ಹಾಕಿಕೊಂಡಿದ್ದೇನೆ. ಒಂದೇ ತರದ ಪೇಜ್‌ಗಳನ್ನು ಹತ್ತು ವಿಎಂಗಳ ಮಧ್ಯೆ ಹಂಚುತ್ತದಲ್ವಾ. ಅಂಥ ಪೇಜ್ ಕೆಟ್ಟರೆ?

ಬಿಟ್‌ಬಾಯಿ · 3:09

ಹತ್ತಕ್ಕೂ ಏಟು. ಉಳಿತಾಯದ ಇನ್ನೊಂದು ಮುಖ.

ಕಾಫಿಪುಡಿ · 3:30

ಸರಿ, ಚರ್ಚೆ ಇದೆ ಅಂತ ಒಪ್ಪಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಸರ್ವರ್ ರೂಮ್ ಕಾದ ಹೆಂಚಿನ ಹಾಗಿರುತ್ತದೆ, ಎಸಿ ಕೈಕೊಟ್ಟರೆ ಮುಗಿಯಿತು. ಮೆಮೊರಿ ಎರರ್‌ಗೆ ಬಿಸಿಯೇ ಕಾರಣ ಅಂತ ನನ್ನ ಅಂದಾಜು. ಇಲ್ಲಾಂದ್ರೆ ಆ ಕಾಸ್ಮಿಕ್ ಕಿರಣ.

ಪೇಜ್‌ಫಾಲ್ಟ್ · 4:02

ಎರಡೂ ಅಂದುಕೊಂಡಷ್ಟು ಇಲ್ಲ. 2009ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಸೇರಿ ಗೂಗಲ್‌ನ ಸರ್ವರ್‌ಗಳ ಮೆಮೊರಿಯನ್ನು ಎರಡೂವರೆ ವರ್ಷ ಗಮನಿಸಿದ್ದನ್ನು ಬರೆದರು. ವರ್ಷಕ್ಕೆ ಮೂರರಲ್ಲಿ ಒಂದು ಮಷೀನ್ ಸರಿಪಡಿಸಬಲ್ಲ ಎರರ್ ಒಂದಾದರೂ ಕಂಡಿತ್ತು. ಡಿಮ್ (ಮೆಮೊರಿ ಸ್ಟಿಕ್) ಲೆಕ್ಕದಲ್ಲಿ 8%ಕ್ಕಿಂತ ಜಾಸ್ತಿ. ಸರಿಪಡಿಸಲಾಗದ್ದು ವರ್ಷಕ್ಕೆ 1.3% ಮಷೀನ್‌ಗಳಲ್ಲಿ. ಬಿಸಿಯ ಪ್ರಭಾವ ಎಲ್ಲರ ನಿರೀಕ್ಷೆಗಿಂತ ಕಡಿಮೆ ಇತ್ತು, ಮೆಮೊರಿ ಎಷ್ಟು ದುಡಿಯುತ್ತಿದೆ ಅನ್ನುವುದರ ಪ್ರಭಾವ ಜಾಸ್ತಿ. ಆಕಾಶದಿಂದ ಬಿದ್ದ ಕಿರಣಕ್ಕಿಂತ ಚಿಪ್‌ನದೇ ದೋಷ ಹೆಚ್ಚು ಕಾಣಿಸಿತು.

ನಮಗೆ ಬೇಕಾದ ಸಾಲು ಇದು: ಸರಿಪಡಿಸಲಾಗದ ಎರರ್‌ಗಳಲ್ಲಿ 70ರಿಂದ 80%ಕ್ಕೆ ಮುಂಚೆ, ಅದೇ ತಿಂಗಳು ಅಥವಾ ಹಿಂದಿನ ತಿಂಗಳು, ಸರಿಪಡಿಸಬಲ್ಲ ಎರರ್ ಬಂದಿತ್ತು. ಅಂದರೆ ಡಿಮ್ ಸಾಯುವ ಮುಂಚೆ ಕೆಮ್ಮುತ್ತದೆ.

ನಿದ್ದೆಗೆಟ್ಟವರೇ, ಈಡ್ಯಾಕ್ (ಕರ್ನಲ್ ಇಡುವ ಮೆಮೊರಿ ಎರರ್ ಲೆಕ್ಕ) ಎಣಿಕೆ ನೋಡಿದಿರಾ? ಆ ಎರರ್‌ಗಳನ್ನು ದಾಖಲಿಸುವ ರಾಸ್‌ಡೀಮನ್ ಓಡುತ್ತಿದೆಯಾ?

ನಿದ್ದೆಗೆಟ್ಟವ · 4:25

ರಾಸ್‌ಡೀಮನ್ ಇರಲಿಲ್ಲ. ಈಗ ನೋಡಿದೆ, ಒಂದು ಡಿಮ್‌ನ ಎದುರು ಸರಿಪಡಿಸಿದ ಎರರ್ 1,312. ಉಳಿದ ಎಲ್ಲದರ ಎದುರು ಸೊನ್ನೆ. ಕರ್ನಲ್ ಲಾಗ್ ಹಿಂದಕ್ಕೆ ಹೋಗಿ ನೋಡಿದರೆ 19 ದಿನದಿಂದ ಕೆಮ್ಮುತ್ತಿದೆ. ನಾನು ಆ ಸಾಲುಗಳನ್ನು ಅಲರ್ಟ್‌ನಿಂದ ಫಿಲ್ಟರ್ ಮಾಡಿದ್ದೆ, ‘ಕರೆಕ್ಟೆಡ್’ ಅಂತ ಇತ್ತಲ್ಲ, ಸರಿಯಾಗಿದೆ ಅಂತ.

ಗುಡ್ಡದಮನೆ · 4:31

ಆ ಪದ ಎಷ್ಟು ಜನರನ್ನು ಮಲಗಿಸಿದೆಯೋ.

ಪೇಜ್‌ಫಾಲ್ಟ್ · 4:50

ಕೆಮ್ಮುವಾಗಲೇ ಹಿಡಿದಿದ್ದರೆ ಸಾಫ್ಟ್ ಆಫ್‌ಲೈನ್ ಮಾಡಬಹುದಿತ್ತು. ಪೇಜ್ ಇನ್ನೂ ಓದಲು ಬರುತ್ತದಲ್ವಾ, ಕರ್ನಲ್ ಅದರ ಡೇಟಾವನ್ನು ಬೇರೆ ಪೇಜ್‌ಗೆ ಸಾಗಿಸಿ ಹಳೆಯದನ್ನು ಮೂಲೆಗೆ ತಳ್ಳುತ್ತದೆ. ಯಾರೂ ಸಾಯುವುದಿಲ್ಲ, ವಿಎಂಗೆ ಗೊತ್ತೂ ಆಗುವುದಿಲ್ಲ. ಒಂದೇ ಪೇಜ್ ಮತ್ತೆ ಮತ್ತೆ ಕೆಮ್ಮಿದರೆ ರಾಸ್‌ಡೀಮನ್ ತಾನೇ ಇದನ್ನು ಮಾಡುವ ಹಾಗೆ ಇಡಬಹುದು. ಲೈವ್ ಮೈಗ್ರೇಷನ್‌ಗೂ ಅದೇ ಸರಿಯಾದ ಹೊತ್ತು, ಕೆಟ್ಟ ಮೇಲೆ ಅಲ್ಲ.

ಒಂದು ಎಚ್ಚರ. ಜಿಪಿಯು ಅಥವಾ ನೆಟ್‌ವರ್ಕ್ ಕಾರ್ಡನ್ನು ವಿಎಂಗೆ ಪಾಸ್‌ಥ್ರೂ ಕೊಟ್ಟಿದ್ದರೆ ಆ ವಿಎಂನ ಮೆಮೊರಿ ಪಿನ್ ಆಗಿರುತ್ತದೆ, ಮೊಳೆ ಹೊಡೆದ ಹಾಗೆ. ಸಾಗಿಸಲು ಆಗುವುದಿಲ್ಲ, ಸಾಫ್ಟ್ ಆಫ್‌ಲೈನ್ ಸೋಲುತ್ತದೆ.

ತೋಳುಬಂದಿ · 5:12

ಆರ್ಮ್ ಸರ್ವರ್ ಮೇಲೆ ಕೆವಿಎಂ ಓಡಿಸುವವರು ಗಮನಿಸಿ. ಅಲ್ಲಿ ಮಷೀನ್ ಚೆಕ್ ಇಲ್ಲ. ಕ್ಯೂಎಮು ಎಸಿಪಿಐ (ಹಾರ್ಡ್‌ವೇರ್ ವಿವರವನ್ನು ಸಿಸ್ಟಮ್‌ಗೆ ತಿಳಿಸುವ ಪದ್ಧತಿ) ಮೂಲಕ ಗೆಸ್ಟ್‌ನ ಮೆಮೊರಿಯಲ್ಲಿ ಒಂದು ದೋಷದ ದಾಖಲೆ ಬರೆದು, ಆಮೇಲೆ ಅಬಾರ್ಟ್ (ಆರ್ಮ್‌ನ ದೋಷ ಸೂಚನೆ) ತೂರಿಸುತ್ತದೆ. ಆದರೆ ಅದು ತಾನಾಗಿ ಆನ್ ಇರುವುದಿಲ್ಲ. ‘ವರ್ಟ್’ ಮಷೀನ್‌ಗೆ ರಾಸ್ ಈಕ್ವಲ್ ಟು ಆನ್ ಅಂತ ಕೊಡಬೇಕು. ಎಎಂಡಿ ಹೋಸ್ಟ್‌ಗಳಲ್ಲೂ ಹೀಗೆ ಗೆಸ್ಟ್‌ಗೆ ಹೇಳುವುದರಲ್ಲಿ ತೊಂದರೆ ಇತ್ತು, ಆಮೇಲೆ ತಿದ್ದಿದರು. ಹಳೆಯ ಕ್ಯೂಎಮು ಇದ್ದರೆ ಮೇಲೇರಿ.

ಕೆಂಪುಬಸ್ಸು · 5:20

ನನ್ನದು ಮನೆಯ ಡೆಸ್ಕ್‌ಟಾಪ್ ಮೇಲೆ ಪ್ರಾಕ್ಸ್‌ಮಾಕ್ಸ್ (ವಿಎಂ ಓಡಿಸುವ ಸಿಸ್ಟಮ್). ಡಿಡಿಆರ್5 ರ‍್ಯಾಮ್, ಅದರಲ್ಲೇ ಇಸಿಸಿ ಇದೆಯಂತೆ. ಹಾಗಾದರೆ ನಾನು ಆರಾಮ ಅಲ್ವಾ?

ಬಿಟ್‌ಬಾಯಿ · 5:27

ಅಲ್ಲ. ಅದು ಚಿಪ್ ಒಳಗೆ ತನ್ನ ಪಾಡಿಗೆ ತಾನು ಮಾಡಿಕೊಳ್ಳುವ ರಿಪೇರಿ. ಎರಡು ಬಿಟ್ ಕೆಟ್ಟರೆ ಸಿಪಿಯುಗೆ ಹೇಳುವ ದಾರಿ ಅದಕ್ಕಿಲ್ಲ. ಹೇಳುವವರೇ ಇಲ್ಲದಿದ್ದರೆ ಈ ಹೆಚ್‌ಡಬ್ಲ್ಯೂಪಾಯ್ಸನ್, ಸಿಗ್‌ಬಸ್ ಯಾವುದೂ ಶುರುವೇ ಆಗುವುದಿಲ್ಲ. ಕೆಟ್ಟದ್ದು ಕೆಟ್ಟ ಹಾಗೇ ಡಿಸ್ಕ್‌ಗೆ ಹೋಗುತ್ತದೆ. ಆ ಸೊನ್ನೆ ಪೇಜ್ ಕಥೆ ನೆನಪಿದೆಯಲ್ಲ, ನಿಮ್ಮ ಮನೆಯಲ್ಲಿ ಅದೇ ಡೀಫಾಲ್ಟ್.

ಕೆಂಪುಬಸ್ಸು · 5:28

ಅಯ್ಯೋ.

ಗುಡ್ಡದಮನೆ · 5:45

ನಿದ್ದೆಗೆಟ್ಟವರೇ, ಇನ್ನು ಮುಂದೆ ಲಾಗ್ ಓದಿ ತಿಳಿಯುವುದು ಬೇಡ. ಕ್ಯೂಎಮು 5.2ರಿಂದ ‘ಮೆಮೊರಿ ಫೇಲ್ಯೂರ್’ ಅನ್ನುವ ಈವೆಂಟ್ ಇದೆ. ಪೇಜ್ ಗೆಸ್ಟ್‌ದಾ ಕ್ಯೂಎಮುವಿನದಾ, ಗೆಸ್ಟ್‌ಗೆ ಹೇಳಿದ್ದಾಯಿತಾ, ಎಲ್ಲಾ ಅದರಲ್ಲಿ ಬರುತ್ತದೆ. ಲಿಬ್‌ವರ್ಟ್ ಅದನ್ನು ಹಾಗೇ ದಾಟಿಸುತ್ತದೆ. ನಾನು ಅದಕ್ಕೆ ಚಿಕ್ಕ ಸ್ಕ್ರಿಪ್ಟ್ ಕಟ್ಟಿದ್ದೇನೆ. ಈವೆಂಟ್ ಬಂದರೆ ಆ ವಿಎಂ ಹೆಸರಿನ ಎದುರು ‘ಮೈಗ್ರೇಟ್ ಮಾಡಬೇಡ’ ಅಂತ ಗುರುತು ಬೀಳುತ್ತದೆ, ಫೋನ್‌ಗೆ ಮೆಸೇಜ್ ಬರುತ್ತದೆ. ಅಷ್ಟೇ. ಬೇರೇನೂ ತಾನಾಗಿ ಮಾಡುವುದಿಲ್ಲ, ಬೇಕಂತಲೇ.

ಸುಳ್ಳು ಎರರ್ ಹಾಕಿ ನೋಡಲೂ ಬರುತ್ತದೆ. ಕ್ಯೂಎಮು ಮಾನಿಟರ್‌ನಲ್ಲಿ ಎಂಸಿಇ ಅನ್ನುವ ಕಮಾಂಡ್ ಗೆಸ್ಟ್‌ಗೆ ಮಷೀನ್ ಚೆಕ್ ತೂರಿಸುತ್ತದೆ. ಹೋಸ್ಟ್ ಕಡೆಯಿಂದ ಪರೀಕ್ಷೆ ಬೇಕಾದರೆ ಹೆಚ್‌ಡಬ್ಲ್ಯೂಪಾಯ್ಸನ್ ಇಂಜೆಕ್ಟ್ ಮಾಡ್ಯೂಲ್ ಇದೆ. ದಯವಿಟ್ಟು ಬಿಲ್ಲಿಂಗ್ ಸರ್ವರ್ ಮೇಲೆ ಮಾಡಬೇಡಿ.

ನಿದ್ದೆಗೆಟ್ಟವ · ಮೂರು ದಿನದ ನಂತರ, ಸಂಜೆ 7:40

ಅಪ್‌ಡೇಟ್ ಕೊಡುತ್ತಿದ್ದೇನೆ. ಭಾನುವಾರ ಹೋಸ್ಟ್ ಆಫ್ ಮಾಡಿ ಡಿಮ್ ಬದಲಾಯಿಸಿದೆ. ವಿಎಂಗಳು ಆಗಲೇ ಎರಡನೇ ಸರ್ವರ್‌ನಲ್ಲಿದ್ದವು, ಗುಡ್ಡದಮನೆಯವರ ಹಳ್ಳ ತಪ್ಪಿತು. ಒಂದೇ ಸಲಕ್ಕೆ ಆಗಲಿಲ್ಲ. ಈಡ್ಯಾಕ್ ‘ಚಾನೆಲ್ 1’ ಅಂದಿತ್ತು. ಬೋರ್ಡ್ ಮೇಲೆ ಎ, ಬಿ, ಸಿ ಅಂತ ಬರೆದಿದೆ. ಒಂದು ಅಂದರೆ ಎ ಅಂತ ಎ ಸ್ಲಾಟ್‌ದು ಕಿತ್ತೆ. ಹೊಸದು ಹಾಕಿ ಆನ್ ಮಾಡಿ, ಟೆಸ್ಟ್ ಓಡಿಸಿ ಟೀ ಕುಡಿದು ಬಂದರೆ ಕೆಮ್ಮು ಹಾಗೇ ಇದೆ. ಅದು ಸೊನ್ನೆಯಿಂದ ಎಣಿಸುತ್ತದೆ ಅಂತ ಆಮೇಲೆ ಹೊಳೆಯಿತು. ಬಿಎಂಸಿಯ (ಸರ್ವರ್ ಬೋರ್ಡ್ ಮೇಲಿನ ನಿಗಾ ಚಿಪ್‌ನ) ಈವೆಂಟ್ ಲಾಗ್ ತೆಗೆದು ನೋಡಿದರೆ ಅಲ್ಲಿ ಸ್ಲಾಟ್ ಹೆಸರು ಸಮೇತ ಬಿ ಅಂತ ಬರೆದಿತ್ತು. ಮೊದಲೇ ಅದನ್ನು ನೋಡಬೇಕಿತ್ತು.

ಬಿ ಬದಲಾಯಿಸಿದ ಮೇಲೆ ಇಲ್ಲಿಯವರೆಗೆ ಎಣಿಕೆ ಸೊನ್ನೆ. ಕ್ಯೂಎಮು ಅಪ್‌ಗ್ರೇಡ್ ಮುಂದಿನ ವಾರ. ರಾಸ್‌ಡೀಮನ್ ಹಾಕಿದ್ದೇನೆ, ಫಿಲ್ಟರ್ ತೆಗೆದಿದ್ದೇನೆ.

ಒಂದೇ ಅನುಮಾನ. ಈ ಹಳೇ 32 ಜಿಬಿ ಡಿಮ್ ಟೇಬಲ್ ಮೇಲಿದೆ. ನೋಡಲು ಹೊಸದರ ಹಾಗೇ ಇದೆ. ವಾರಂಟಿ ಮುಗಿದಿದೆ. ಟೆಸ್ಟ್ ಮಷೀನ್‌ಗೆ ಹಾಕಿಕೊಳ್ಳಲಾ?

ಹಳೇಗಾಳಿ · 7:52

ಇವತ್ತೇ ಮಾರ್ಕರ್ ತಗೊಂಡು ಅದರ ಮೇಲೆ ದೊಡ್ಡದಾಗಿ ಅಡ್ಡಗೆರೆ ಎಳೆಯಿರಿ. ಹಾಗೇ ಡ್ರಾಯರ್‌ನಲ್ಲಿಟ್ಟರೆ ಇನ್ನೊಂದು ವರ್ಷಕ್ಕೆ ಯಾರಾದರೂ ಸ್ಪೇರ್ ಅಂತ ತೆಗೆದು ಹಾಕುತ್ತಾರೆ. ಆ ಯಾರಾದರೂ ನೀವೇ ಆಗಿರುತ್ತೀರಿ.

ನಿದ್ದೆಗೆಟ್ಟವ · 7:55

ಎಳೆದೆ. ಎ ಸ್ಲಾಟ್‌ನಿಂದ ಕಿತ್ತ ಒಳ್ಳೆಯದೂ ಇದೇ ಟೇಬಲ್ ಮೇಲಿತ್ತು. ಸರಿಯಾದದ್ದರ ಮೇಲೇ ಎಳೆದೆನಾ ಅಂತ ಈಗ ಸೀರಿಯಲ್ ನಂಬರ್ ನೋಡುತ್ತಿದ್ದೇನೆ.